ಮೊದಲು ನಿದ್ದೆ, ಆಮೇಲೆ ಮಾತು

ಬೆಂಗಳೂರಿನ ಶಿವಾಜಿನಗರ ಬಸ್ ನಿಲ್ದಾಣ, ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಗಳು, ದಂಡು ರೈಲ್ವೆ ನಿಲ್ದಾಣ, ಹಲಸೂರು ಕೆರೆಯ ಸುತ್ತಮುತ್ತ, ಇಂದಿರಾನಗರದ ಮೆಟ್ರೊ ಕಂಬಗಳ ಸಾಲು, ಟಿನ್ ಫ್ಯಾಕ್ಟರಿ, ಕೆ.ಆರ್. ಪುರದ ತೂಗುಸೇತುವೆಯ ಅಡಿ. ಇಲ್ಲೆಲ್ಲ ರಾತ್ರಿ ಕಳೆಯುವ ಹುಡುಗ ಹುಡುಗಿಯರ ನಡುವೆ ಆಪ್ತಸಮಾಲೋಚಕಿಯಾಗಿ ಓಡಾಡುವುದು ನನ್ನ ಕೆಲಸ. ಹನ್ನೆರಡು ಹದಿಮೂರರಿಂದ ಹಿಡಿದು ಇಪ್ಪತ್ತಮೂರು ಇಪ್ಪತ್ತನಾಲ್ಕರವರೆಗಿನ ವಯಸ್ಸು ಅವರದು. ಗುಜರಿ ಆಯುವವರು, ಕ್ಯಾಟರಿಂಗಿಗೆ ಹೋಗುವವರು, ಸಿಗ್ನಲ್ಲಿನಲ್ಲಿ ಪೆನ್ನು ಬಲೂನು ಮಾರುವವರು, ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವರು. ಕೆಲವರು ರೈಲು ಹತ್ತಿ ಬಂದವರು, ಕೆಲವರು ಫುಟ್‌ಪಾತಿನಲ್ಲೇ ಹುಟ್ಟಿದವರು.

ಇವರಲ್ಲಿ ಅನೇಕರ ಮನಸ್ಸಿಗೆ ಆಗಿರುವ ಗಾಯವನ್ನು ವೈದ್ಯರು ಆಘಾತೋತ್ತರ ಒತ್ತಡ ಎನ್ನುತ್ತಾರೆ, ಪಿಟಿಎಸ್‌ಡಿ. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಗೆ ಈ ಹೆಸರನ್ನು ಸೇರಿಸಿದಾಗ ಕಣ್ಣೆದುರಿಗಿದ್ದವರು ಮುಖ್ಯವಾಗಿ ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರು. ಯುದ್ಧ ಮುಗಿದು ಮನೆ ಸೇರಿದ ಮೇಲೂ ಅವರ ತಲೆಯೊಳಗೆ ಅದು ನಡೆಯುತ್ತಲೇ ಇತ್ತು. ನಾನು ನೋಡುವ ಹುಡುಗರಿಗೆ ಏನೂ ಮುಗಿದಿಲ್ಲ. ನಿನ್ನೆ ಹೊಡೆದವನು ಇವತ್ತು ರಾತ್ರಿ ಅದೇ ಗಲ್ಲಿಗೆ ಬರುತ್ತಾನೆ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯಾವ ಚಿಕಿತ್ಸೆಯೂ ಬೀದಿಯಲ್ಲಿ ನಿಲ್ಲುವುದಿಲ್ಲ. ಇಷ್ಟು ವರ್ಷಗಳಲ್ಲಿ ನಾನು ಕಲಿತದ್ದೆಲ್ಲ ಹೆಚ್ಚುಕಡಿಮೆ ಇದರ ಸುತ್ತಲಿನದೇ. ಯಾರ ಗುರುತೂ ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

1. ರಾತ್ರಿ ಎಲ್ಲಿ ಮಲಗುತ್ತೀಯ ಎಂದು ಮೊದಲು ಕೇಳಿ

ಹೊಸದಾಗಿ ಕೆಲಸಕ್ಕೆ ಸೇರಿದವರ ಕೈಯಲ್ಲಿ ಒಂದು ಪ್ರಶ್ನಾವಳಿ ಇರುತ್ತದೆ. ನಿದ್ದೆ ಬರುವುದಿಲ್ಲವೇ? ಸಣ್ಣ ಸದ್ದಿಗೂ ಬೆಚ್ಚುತ್ತೀಯಾ? ಯಾರನ್ನೂ ನಂಬುವುದಿಲ್ಲವೇ? ಸುಮ್ಮಸುಮ್ಮನೆ ಸಿಟ್ಟು ಬರುತ್ತದೆಯೇ? ಪ್ರತಿ ‘ಹೌದು’ಗೂ ಅಂಕ. ಬೀದಿಯ ಹುಡುಗನನ್ನು ಕೂರಿಸಿ ಕೇಳಿದರೆ ಎಲ್ಲಕ್ಕೂ ಹೌದು ಎನ್ನುತ್ತಾನೆ. ಆದರೆ ಮೇಲುಸೇತುವೆಯ ಕೆಳಗೆ ಗಾಢ ನಿದ್ದೆ ಮಾಡಿದವನಿಗೆ ಬೆಳಿಗ್ಗೆ ಏಳುವಾಗ ದುಡ್ಡು ಇರುವುದಿಲ್ಲ, ಮೊಬೈಲು ಇರುವುದಿಲ್ಲ, ಚಪ್ಪಲಿಯೂ ಇರುವುದಿಲ್ಲ. ಅದಕ್ಕಿಂತ ಕೆಟ್ಟದ್ದೂ ಆಗಿರಬಹುದು. ಬೆಚ್ಚುವ ಅಭ್ಯಾಸ ಅವನನ್ನು ಇಲ್ಲಿಯತನಕ ಉಳಿಸಿದೆ.

ಅವರು ಮಲಗುವ ರೀತಿಯನ್ನು ಸ್ವಲ್ಪ ಹೊತ್ತು ನಿಂತು ನೋಡಬೇಕು. ಬೆನ್ನು ಯಾವಾಗಲೂ ಅಂಗಡಿಯ ಶಟರಿಗೋ ಗೋಡೆಗೋ ಅಂಟಿರುತ್ತದೆ. ಚಪ್ಪಲಿ ತಲೆಯ ಕೆಳಗೆ. ಎಟಿಎಂ ಬೆಳಕು ಬೀಳುವ ಜಾಗಕ್ಕೆ ಪೈಪೋಟಿ. ಗುಂಪಿನಲ್ಲಿದ್ದರೆ ಚಿಕ್ಕವರು ನಡುವೆ, ದೊಡ್ಡವರು ಎರಡೂ ಅಂಚಿಗೆ. ಒಂದು ಬೀದಿನಾಯಿಯನ್ನು ಸಾಕಿಕೊಂಡಿದ್ದರೆ ಅದು ಕಾಲ ಬಳಿ. ರಂಜಾನ್ ತಿಂಗಳಲ್ಲಿ ಶಿವಾಜಿನಗರದ ಅಂಗಡಿಗಳು ನಡುರಾತ್ರಿ ದಾಟಿದರೂ ತೆರೆದಿರುತ್ತವೆ, ಬೆಳಕು ಮತ್ತು ಜನ ಎರಡೂ ಇರುತ್ತವೆ. ಸೆಪ್ಟೆಂಬರ್ 8ರ ಮೇರಿಯಮ್ಮನ ಹಬ್ಬಕ್ಕೆ ಮುಂಚಿನ ದಿನಗಳಲ್ಲಿ ಸೇಂಟ್ ಮೇರಿ ಬೆಸಿಲಿಕಾದ ಸುತ್ತ ಕೂಡ ಹಾಗೆಯೇ. ಆ ದಿನಗಳಲ್ಲಿ ನಮ್ಮ ಹುಡುಗರ ಮುಖದಲ್ಲಿ ಸ್ವಲ್ಪ ಕಳೆ ಬರುತ್ತದೆ. ಹಬ್ಬದ ಊಟ ಅದಕ್ಕೆ ಅರ್ಧ ಕಾರಣ, ಉಳಿದರ್ಧ ಜನರ ಗದ್ದಲದ ನಡುವೆ ಸಿಕ್ಕ ನಿದ್ದೆ.

ಅಮೆರಿಕದಲ್ಲಿ ಲೆಸ್ ವಿಟ್‌ಬೆಕ್ ಮತ್ತು ಸಂಗಡಿಗರು ಮನೆ ಬಿಟ್ಟ ಹದಿಹರೆಯದವರ ಮೇಲೆ ಮಾಡಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಬದುಕಿನ ಯಾವುದೋ ಹಂತದಲ್ಲಿ ಪಿಟಿಎಸ್‌ಡಿ ಲಕ್ಷಣಗಳು ಪೂರ್ತಿಯಾಗಿ ಕಾಣಿಸಿಕೊಂಡವರು ಅದರಲ್ಲಿ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು. ಅದೇ ವರ್ಷ ನಮ್ಮ ಕೇಂದ್ರ ಸರ್ಕಾರ 13 ರಾಜ್ಯಗಳಲ್ಲಿ ನಡೆಸಿದ ಮಕ್ಕಳ ಮೇಲಿನ ದೌರ್ಜನ್ಯದ ಅಧ್ಯಯನ ಹೊರಬಂತು. ಲೈಂಗಿಕ ದೌರ್ಜನ್ಯ ಹೆಚ್ಚಾಗಿ ಕಂಡದ್ದು ಬೀದಿಯ ಮಕ್ಕಳಲ್ಲಿ, ದುಡಿಯುವ ಮಕ್ಕಳಲ್ಲಿ ಮತ್ತು ಸಂಸ್ಥೆಗಳಲ್ಲಿರುವ ಮಕ್ಕಳಲ್ಲಿ. ಮೂರನೆಯದನ್ನು ಓದುಗರು ಗಮನಿಸಬೇಕು. ರಕ್ಷಣೆಗೆಂದು ಇರುವ ಕಟ್ಟಡವನ್ನು ಕಂಡರೆ ಹುಡುಗರು ಯಾಕೆ ಓಡುತ್ತಾರೆ ಎಂಬುದಕ್ಕೆ ಅಲ್ಲಿ ಉತ್ತರವಿದೆ.

2. ಹಗಲು ಮಲಗಲು ಬಿಡಿ

ನಮ್ಮ ಕೇಂದ್ರಕ್ಕೆ ಬೆಳಿಗ್ಗೆ ಬರುವ ಹುಡುಗರು ಮೊದಲು ಮಾಡುವ ಕೆಲಸ ಚಾಪೆಯ ಮೇಲೆ ಬೀಳುವುದು. ನೋಡಲು ಬಂದ ದಾನಿಗಳಿಗೆ ಇದು ಸರಿಕಾಣುವುದಿಲ್ಲ. ಓದಿಸುವುದಿಲ್ಲವೇ, ಕೆಲಸ ಕಲಿಸುವುದಿಲ್ಲವೇ ಎಂದು ಕೇಳುತ್ತಾರೆ. ರಾತ್ರಿಯೆಲ್ಲ ಕಾವಲು ಕಾದವನಿಗೆ ಆ ಹೊತ್ತಿನಲ್ಲಿ ನಿದ್ದೆಗಿಂತ ದೊಡ್ಡ ಚಿಕಿತ್ಸೆ ಇಲ್ಲ. ಸತತವಾಗಿ ನಾಲ್ಕೈದು ದಿನ ನೆಮ್ಮದಿಯಾಗಿ ಮಲಗಿದ ಹುಡುಗನ ಸಿಡುಕು ಕಮ್ಮಿಯಾಗುವುದನ್ನು ಬಹಳ ಸಲ ಕಂಡಿದ್ದೇನೆ. ಮದ್ದಿಲ್ಲ, ಮಾತಿಲ್ಲ, ಬರೀ ನಿದ್ದೆ.

ಅದಕ್ಕೆ ಕೆಲವು ಕಟ್ಟುಪಾಡು ಬೇಕು. ಬಾಗಿಲ ಚಿಲಕ ಒಳಗಿನಿಂದ ತೆಗೆಯುವಂತಿರಬೇಕು, ಯಾರನ್ನೂ ಕೂಡಿಹಾಕಬಾರದು. ಒಂದು ದೀಪ ಉರಿಯುತ್ತಿರಬೇಕು. ಮಲಗಿದವರನ್ನು ಮುಟ್ಟಿ ಎಬ್ಬಿಸಬಾರದು, ಕಾಲ ಕಡೆ ದೂರ ನಿಂತು ಹೆಸರು ಹಿಡಿದು ಕರೆಯಬೇಕು. ಕೆಟ್ಟ ಕನಸಿನಿಂದ ಎದ್ದವನು ಕೈ ಬೀಸಿದರೆ ಅದನ್ನು ಅಶಿಸ್ತಿನ ಪುಸ್ತಕದಲ್ಲಿ ಬರೆಯಬಾರದು. ಕಂಬಳಿಯನ್ನು ಎಳೆದು ಎಬ್ಬಿಸುವವರನ್ನು ನಾನು ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ.

3. ಕಥೆ ಕೇಳುವ ಆತುರ ಬೇಡ

ಬೀದಿಯ ಮಗುವಿನ ಕಥೆಯನ್ನು ಎಲ್ಲರೂ ಕೇಳುತ್ತಾರೆ. ಪೊಲೀಸರು, ಸಂಸ್ಥೆಯವರು, ಮಕ್ಕಳ ಕಲ್ಯಾಣ ಸಮಿತಿಯವರು, ಆಸ್ಪತ್ರೆಯ ಕಿರಿಯ ವೈದ್ಯರು, ಪ್ರಾಜೆಕ್ಟ್ ಬರೆಯುವ ವಿದ್ಯಾರ್ಥಿಗಳು. ಹಾಗಾಗಿ ಹುಡುಗರ ಬಳಿ ಒಂದು ಸಿದ್ಧ ಕಥೆ ಇರುತ್ತದೆ: ಅಪ್ಪ ಸತ್ತ, ಮಲತಾಯಿ ಹೊಡೆದಳು, ರೈಲು ಹತ್ತಿದೆ. ಅದು ಸುಳ್ಳಿರಬಹುದು, ನಿಜವಿರಬಹುದು, ಬೇರೊಬ್ಬನದಿರಬಹುದು. ಅದನ್ನು ಹಿಡಿದು ಜಗ್ಗಾಡಬಾರದು. ನಿಜವಾದದ್ದನ್ನು ಮುಚ್ಚಿಡಲು ಅವನಿಗೊಂದು ಹೊದಿಕೆ ಬೇಕು.

ಆಘಾತವಾದ ಕೂಡಲೇ ಕೂರಿಸಿ ಎಲ್ಲವನ್ನೂ ಹೇಳಿಸಿಬಿಟ್ಟರೆ ಮನಸ್ಸು ಹಗುರಾಗುತ್ತದೆ ಎಂಬ ನಂಬಿಕೆ ಒಂದು ಕಾಲಕ್ಕೆ ವೈದ್ಯರಲ್ಲೂ ಇತ್ತು. ಹಾಗೆ ಒಂದೇ ಸಲಕ್ಕೆ ಕೂರಿಸಿ ಹೇಳಿಸುವುದರಿಂದ ಪಿಟಿಎಸ್‌ಡಿ ತಪ್ಪುವುದಿಲ್ಲ, ಕೆಲವರಿಗೆ ಕೆಡುಕೇ ಆಗುತ್ತದೆ ಎಂದು ಈಗ ಗೊತ್ತಾಗಿದೆ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಹೇಳುವುದು ಮೂರೇ ಕೆಲಸ: ನೋಡು, ಕೇಳಿಸಿಕೋ, ಬೇಕಾದ ನೆರವಿಗೆ ಜೋಡಿಸು. ಹೇಳಲೇಬೇಕೆಂಬ ಒತ್ತಾಯ ಅದರಲ್ಲಿಲ್ಲ. ಅದಕ್ಕೂ ಮುಂಚೆ, 1992ರಲ್ಲಿ, ಜುಡಿತ್ ಹರ್ಮನ್ ಎಂಬ ಮನೋವೈದ್ಯೆ ಚೇತರಿಕೆಯ ಹಂತಗಳನ್ನು ವಿವರಿಸಿದಾಗ ಸುರಕ್ಷತೆಯನ್ನು ಮೊದಲಿಗಿಟ್ಟು, ನೆನಪು ಮತ್ತು ದುಃಖವನ್ನು ಎರಡನೆಯದಕ್ಕಿಟ್ಟರು. ನಮ್ಮಲ್ಲಿ ಹೆಚ್ಚಿನ ಹುಡುಗರು ಮೊದಲ ಹಂತವನ್ನೇ ಮುಗಿಸುವುದಿಲ್ಲ. ಎರಡನೆಯದಕ್ಕೆ ಎಳೆದೊಯ್ಯುವ ಹಕ್ಕು ನನಗಿಲ್ಲ.

ತಾನಾಗಿ ಹೇಳಲು ಬಂದರೆ ಕೂತು ಕೇಳುತ್ತೇನೆ. ಬಹುಮಟ್ಟಿಗೆ ಅದು ಎದುರುಬದುರು ಕೂತಾಗ ಬರುವುದಿಲ್ಲ. ಅಕ್ಕಪಕ್ಕ ನಡೆಯುವಾಗ, ಇಂದಿರಾ ಕ್ಯಾಂಟೀನಿನ ಸಾಲಿನಲ್ಲಿ ನಿಂತಾಗ, ಬಸ್ಸಿನ ಕಿಟಕಿಯ ಹೊರಗೆ ನೋಡುತ್ತ ಬರುತ್ತದೆ.

4. ಗುಟ್ಟು ಕಾಯುತ್ತೇನೆಂದು ಮಾತು ಕೊಡುವ ಮುನ್ನ

ಇದು ನಮ್ಮ ಕೆಲಸದಲ್ಲಿ ಅತ್ಯಂತ ಕಷ್ಟದ ಜಾಗ. ಹದಿನೆಂಟರ ಕೆಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದರೆ, 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ದೂರು ಮುಟ್ಟಿಸಲೇಬೇಕು. ಸಮಾಲೋಚಕರಿಗೂ ವಿನಾಯಿತಿ ಇಲ್ಲ. ಆದ್ದರಿಂದ ಮಗು ‘ಅಕ್ಕಾ, ಒಂದ್ ವಿಷ್ಯ ಹೇಳ್ತೀನಿ, ಯಾರಿಗೂ ಹೇಳಬಾರ್ದು’ ಎಂದಾಗಲೇ ತಡೆದು ಹೇಳಬೇಕು: ‘ಕೆಲವು ವಿಷ್ಯ ನಾನು ಹೇಳಲೇಬೇಕಾಗ್ತದೆ ಪುಟ್ಟಾ, ಯಾವ್ದು ಅಂತ ಮೊದಲು ಹೇಳ್ತೀನಿ, ಆಮೇಲೆ ನೀನು ಯೋಚ್ನೆ ಮಾಡು.’ ಎಷ್ಟೋ ಮಕ್ಕಳು ಅಲ್ಲಿಗೇ ಸುಮ್ಮನಾಗುತ್ತಾರೆ. ವಾರಗಳು ಕಳೆದ ಮೇಲೆ ಕೆಲವರು ಮತ್ತೆ ಬರುತ್ತಾರೆ, ಈ ಸಲ ತಿಳಿದೇ ಬರುತ್ತಾರೆ. ಹಾಗೆ ಬಂದ ಹೇಳಿಕೆ ನಿಲ್ಲುತ್ತದೆ. ಗುಟ್ಟೆಂದು ಹೇಳಿಸಿಕೊಂಡು ಮರುದಿನ ಪೊಲೀಸರನ್ನು ಕರೆತಂದರೆ ಆ ಮಗು ದೊಡ್ಡವರ ಯಾವ ಮಾತನ್ನೂ ಮತ್ತೆ ನಂಬುವುದಿಲ್ಲ.

ಅದೇ ಕಾಯ್ದೆಯ 24ನೇ ಸೆಕ್ಷನ್ ಮಗುವಿನ ಪರವಾಗಿದೆ. ಹೇಳಿಕೆಯನ್ನು ಮಗುವಿರುವ ಜಾಗದಲ್ಲೋ ಅದು ಬಯಸುವ ಜಾಗದಲ್ಲೋ ಬರೆದುಕೊಳ್ಳಬೇಕು. ಅಧಿಕಾರಿ ಸಮವಸ್ತ್ರದಲ್ಲಿರಬಾರದು, ಆದಷ್ಟೂ ಮಹಿಳೆಯಾಗಿರಬೇಕು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಇದನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ತೋರಿಸಿದರೆ ಓದಿ, ಕುರ್ಚಿ ಎಳೆದು ಕೊಟ್ಟ ಪೊಲೀಸ್ ಅಧಿಕಾರಿಗಳನ್ನು ನಾನು ಕಂಡಿದ್ದೇನೆ.

5. ‘ಅದು’ ಬಂದಾಗ ದೇಹದ ಕಡೆಯಿಂದ ಹೋಗಿ

ಹಳೆಯದು ಕಣ್ಣೆದುರು ಮತ್ತೆ ನಡೆದಂತಾಗುವುದನ್ನು ಹುಡುಗರು ‘ಅದು ಬರ್ತದೆ’ ಎನ್ನುತ್ತಾರೆ. ಜತೆಯವರು ಗಾಳಿ ಹಿಡಿದಿದೆ ಎನ್ನುತ್ತಾರೆ.

ಹದಿನೇಳರ ಆಸುಪಾಸಿನ ಒಬ್ಬನಿದ್ದಾನೆ. ರಸೆಲ್ ಮಾರ್ಕೆಟ್ಟಿನ ಮೀನಿನಂಗಡಿಗಳಿಗೆ ಐಸ್ ಇಳಿಸುವ ಕೆಲಸ. ಯಾರಾದರೂ ಶಟರನ್ನು ಜೋರಾಗಿ ಎಳೆದರೆ ನಿಂತಲ್ಲೇ ನಿಂತುಬಿಡುತ್ತಿದ್ದ. ಕಣ್ಣು ತೆರೆದೇ ಇರುತ್ತದೆ, ಕೂಗಿದರೆ ಕೇಳಿಸುವುದಿಲ್ಲ, ತುಟಿ ಒಣಗಿ ಬೆಳ್ಳಗಾಗುತ್ತದೆ. ಕೊರಳಲ್ಲಿ ದರ್ಗಾದಿಂದ ಯಾರೋ ತಂದು ಕಟ್ಟಿದ ತಾಯಿತವಿತ್ತು. ಅದನ್ನು ಬಿಚ್ಚಿಸುವ ಮಾತೇ ಇಲ್ಲ, ಕಟ್ಟಿದವರು ಅವನ ಮೇಲಿನ ಅಕ್ಕರೆಯಿಂದಲೇ ಕಟ್ಟಿದ್ದಾರೆ. ಒಮ್ಮೆ ನಾನಿದ್ದಾಗಲೇ ಹಾಗಾಯಿತು. ಪೆಟ್ಟಿಗೆಯಿಂದ ಐಸಿನ ಚೂರೊಂದನ್ನು ತೆಗೆದು ಅವನ ಅಂಗೈ ಮೇಲಿಟ್ಟೆ. ಮುಟ್ಟುವ ಮೊದಲು ‘ಕೈ ಮೇಲೆ ಐಸ್ ಇಡ್ತಿದೀನಿ’ ಎಂದು ಹೇಳಿಯೇ ಇಟ್ಟೆ.

‘ಏನಿದು?’

ಬಹಳ ಹೊತ್ತಿನ ಮೇಲೆ, ‘ಐಸು.’

‘ಹೆಂಗಿದೆ?’

‘ಸುಡ್ತದೆ ಅಕ್ಕಾ.’

‘ಕಾಲ ಕೆಳಗೇನಿದೆ?’

‘ನೀರು. ಮೀನಿನ ನೀರು.’

‘ಇವತ್ತು ಯಾವ ವಾರ?’

‘ಶುಕ್ರವಾರ. ಲೋಡ್ ಜಾಸ್ತಿ.’

ಲೋಡ್ ನೆನಪಾದರೆ ಅವನು ವಾಪಸು ಬಂದ ಹಾಗೆ. ಮನಸ್ಸು ಹಿಂದಕ್ಕೆ ಓಡಿದಾಗ ತಣ್ಣಗಿನದು, ವಾಸನೆ, ಕಾಲಡಿಯ ನೆಲ, ಇವುಗಳಿಂದ ಅದನ್ನು ಈಗಿನ ಹೊತ್ತಿಗೆ ಕರೆತರುವ ಈ ವಿಧಾನವನ್ನು ಚಿಕಿತ್ಸಕರು ಎಲ್ಲೆಡೆ ಬಳಸುತ್ತಾರೆ. ನಮ್ಮಲ್ಲಿ ಮೀನಿನ ಐಸು, ಟೀ ಅಂಗಡಿಯ ಬಿಸಿ ಲೋಟ, ಹೂವಿನವರ ಕಡೆಯ ದವನ, ಏನು ಕೈಗೆ ಸಿಕ್ಕಿತೋ ಅದು. ಶಟರಿನ ಹಿಂದೆ ಏನಾಗಿತ್ತೆಂದು ನಾನು ಈವರೆಗೆ ಕೇಳಿಲ್ಲ. ಈಗ ಆ ಸದ್ದು ಕೇಳಿದರೆ ಅವನೇ ಪೆಟ್ಟಿಗೆಗೆ ಕೈ ಹಾಕುತ್ತಾನೆ.

ದೀಪಾವಳಿಯ ಮೂರು ದಿನ ನಾವು ರಜೆ ಹಾಕುವುದಿಲ್ಲ. ಪಟಾಕಿ ಸದ್ದಿಗೆ ಎಲ್ಲೆಲ್ಲೋ ಅಡಗಿಕೊಳ್ಳುವವರಿರುತ್ತಾರೆ.

6. ಸೊಲ್ಯೂಷನ್ನು ಕಿತ್ತುಕೊಳ್ಳುವ ಮೊದಲು ಅದು ಏನು ಮಾಡುತ್ತಿದೆ ಎಂದು ತಿಳಿಯಿರಿ

ಬಟ್ಟೆಗೆ ಪಂಕ್ಚರ್ ಸೊಲ್ಯೂಷನ್ನೋ ವೈಟ್ನರೋ ಹಾಕಿ ಮೂಗಿಗೆ ಹಿಡಿದುಕೊಳ್ಳುವುದು ಹೊಸದಲ್ಲ. ಹಸಿವು ಗೊತ್ತಾಗುವುದಿಲ್ಲ, ಚಳಿ ಗೊತ್ತಾಗುವುದಿಲ್ಲ, ‘ಅದು’ ಬರುವುದಿಲ್ಲ. ಹುಡುಗರು ಹೇಳುವ ಕಾರಣಗಳು ಇವೇ, ಮೂರನೆಯದನ್ನು ಮೆಲ್ಲಗೆ ಹೇಳುತ್ತಾರೆ. ಮಿದುಳಿಗೂ ನರಗಳಿಗೂ ಹೃದಯಕ್ಕೂ ಅದು ಮಾಡುವ ಹಾನಿ ಭೀಕರ, ಒಂದೇ ಸಲದ ಸೇವನೆಯಲ್ಲೂ ಹೃದಯ ನಿಂತು ಸತ್ತವರಿದ್ದಾರೆ. ಹಾಗೆಂದು ಬಟ್ಟೆಯನ್ನು ಕಿತ್ತುಕೊಂಡು ಕಳಿಸಿದರೆ ಆ ರಾತ್ರಿ ಕೆಟ್ಟ ಕನಸುಗಳೆಲ್ಲ ಒಟ್ಟಿಗೆ ಬರುತ್ತವೆ, ಅವನು ಬೆಳಗಾಗುವುದರೊಳಗೆ ಇನ್ನೊಂದು ಟ್ಯೂಬು ಹುಡುಕಿರುತ್ತಾನೆ. ನಶೆ ಬಿಡಿಸುವವರು ಒಂದು ಕಡೆ, ಆಘಾತಕ್ಕೆ ಚಿಕಿತ್ಸೆ ಕೊಡುವವರು ಇನ್ನೊಂದು ಕಡೆ ಕೂತು, ‘ಮೊದಲು ಅದನ್ನು ಬಿಟ್ಟು ಬಾ’ ಎಂದು ಕಳಿಸುವ ಪದ್ಧತಿಯಿಂದ ಯಾರೂ ಗುಣವಾಗಿಲ್ಲ. ಎರಡನ್ನೂ ಒಂದೇ ಕೋಣೆಯಲ್ಲಿ ನೋಡಬೇಕು.

ನಿದ್ದೆಮಾತ್ರೆಯ ವಿಷಯದಲ್ಲೂ ಎಚ್ಚರ. ಆಘಾತವಾದವರಿಗೆ ಡಯಾಜೆಪಾಂ ಜಾತಿಯ ಮಾತ್ರೆಗಳನ್ನು ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ 2013ರ ಮಾರ್ಗಸೂಚಿ ಹೇಳುತ್ತದೆ. ಬೀದಿಯಲ್ಲಿ ಅದಕ್ಕೊಂದು ಬೆಲೆಯೂ ಇದೆ. ಮಾತ್ರೆಯ ಪಟ್ಟಿ ಜೇಬಿನಲ್ಲಿದ್ದರೆ ದೊಡ್ಡವರು ಹೊಡೆದು ಕಿತ್ತುಕೊಳ್ಳುತ್ತಾರೆ. ವೈದ್ಯರು ಬರೆದುಕೊಟ್ಟ ಯಾವ ಮಾತ್ರೆಯನ್ನಾದರೂ ದಿನದಿನಕ್ಕೆ ಕೇಂದ್ರದಲ್ಲೇ ಕೊಡುವುದು ಒಳ್ಳೆಯದು.

ಮಕ್ಕಳಿಗೆ ಅಮಲಿನ ವಸ್ತು ಕೊಡುವವರಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಹೇಳುತ್ತದೆ. ಪೆಟ್ಟು ಬೀಳುವುದು ಮಾತ್ರ ಹೆಚ್ಚಾಗಿ ಹುಡುಗರಿಗೇ.

7. ಮಂಗಳವಾರ ಬರುತ್ತೇನೆಂದರೆ ಮಂಗಳವಾರವೇ ಬನ್ನಿ

ಈ ಮಕ್ಕಳಿಗೆ ಮಾತು ತಪ್ಪಿದ ದೊಡ್ಡವರು ಬೇಕಾದಷ್ಟು ಸಿಕ್ಕಿದ್ದಾರೆ. ಬರಲಾಗದಿದ್ದರೆ ಇನ್ನೊಬ್ಬರ ಕೈಲಿ ಹೇಳಿ ಕಳಿಸಿ. ಮಳೆ ಬಂದರೂ ಹೋಗಿ, ಮಳೆ ಬಂದಾಗ ಖಂಡಿತ ಹೋಗಿ.

8. ಕಣ್ಣಿಗೆ ಬೀಳದ ಹುಡುಗಿಯರು

ಎಣಿಕೆಗೆ ಹೋದರೆ ಹತ್ತು ಹುಡುಗರಿಗೆ ಒಬ್ಬ ಹುಡುಗಿಯೂ ಸಿಗುವುದಿಲ್ಲ. ಇಲ್ಲವೆಂದಲ್ಲ. ಒಂಟಿಯಾಗಿ ಬೀದಿಗೆ ಬಂದವಳು ಬೇಗ ಯಾರದೋ ನೆರಳು ಸೇರಬೇಕಾಗುತ್ತದೆ: ಫುಟ್‌ಪಾತಿನ ಒಂದು ಕುಟುಂಬ, ಹೂ ಕಟ್ಟುವ ಒಬ್ಬ ಅಜ್ಜಿ, ಇಲ್ಲವೇ ಒಬ್ಬ ‘ಗಂಡ’. ತಲೆ ಬೋಳಿಸಿಕೊಂಡು, ಪ್ಯಾಂಟು ಹಾಕಿಕೊಂಡು ಹುಡುಗನ ಹಾಗೆ ತಿರುಗುವವರನ್ನೂ ಕಂಡಿದ್ದೇನೆ. ಆ ಗಂಡ ಹೊಡೆಯುತ್ತಾನೆ, ಆದರೂ ಬಿಟ್ಟು ಬಾ ಎಂದರೆ ಬರುವುದಿಲ್ಲ. ಬಿಟ್ಟು ಬಂದರೆ ರಾತ್ರಿ ಹತ್ತು ಜನರಿಂದ ಕಾಯುವವರು ಯಾರು ಎಂಬ ಅವಳ ಲೆಕ್ಕ ತಪ್ಪೆಂದು ಹೇಳುವ ಧೈರ್ಯ ನನಗಿಲ್ಲ. ಅವಳಿಗೆ ಬೇಕಾದದ್ದು ಅದಕ್ಕಿಂತ ಒಳ್ಳೆಯ ಲೆಕ್ಕ: ಅದೇ ರಾತ್ರಿ ಸಿಗುವ, ಮಗುವಿದ್ದರೆ ಮಗುವನ್ನೂ ಒಳಗೆ ಬಿಟ್ಟುಕೊಳ್ಳುವ ಜಾಗ.

ಹುಡುಗನಾಗಿ ಹುಟ್ಟಿ ಹೆಣ್ಣಾಗಿ ಬಾಳಬಯಸಿ ಮನೆಯಿಂದ ಹೊರದೂಡಲ್ಪಟ್ಟ ಎಳೆಯರದೂ ಒಂದು ದಾರಿ ಇಲ್ಲಿದೆ. ಹಿಜಡಾ ಸಮುದಾಯದವರು ಒಟ್ಟಿಗೆ ಬಾಳುವ ಹಮಾಮುಗಳಲ್ಲಿ ಒಬ್ಬ ಗುರು ಸಿಕ್ಕರೆ ಊಟ, ನಂಟು, ಹೆಸರು ಎಲ್ಲ ಸಿಗುತ್ತದೆ. ಅದರ ಜತೆ ಕಟ್ಟುಪಾಡು, ಸಾಲ, ರಾತ್ರಿಯ ದುಡಿಮೆಯೂ ಬರುತ್ತದೆ. ಅವರನ್ನು ಗಂಡುಮಕ್ಕಳ ಕೇಂದ್ರಕ್ಕೆ ಒಯ್ದು ಬಿಡುವುದರಷ್ಟು ಕ್ರೂರವಾದದ್ದು ಇನ್ನೊಂದಿಲ್ಲ.

9. ಕನಸು ಕಂಡ ಭಾಷೆಯಲ್ಲೇ ಕೇಳಿ

ಶಿವಾಜಿನಗರದಲ್ಲಿ ದಖನಿ, ಹಲಸೂರಿನಲ್ಲಿ ತಮಿಳು, ಕೆ.ಆರ್. ಪುರದ ಕಡೆ ತೆಲುಗು. 2022ರ ಜೂನ್‌ನಲ್ಲಿ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಶುರುವಾಗಿ ಪೂರ್ವ ಮತ್ತು ಈಶಾನ್ಯದ ಉದ್ದ ದಾರಿಯ ರೈಲುಗಳು ಅಲ್ಲಿಗೆ ಬರತೊಡಗಿದ ಮೇಲೆ ಬಂಗಾಳಿ, ಒಡಿಯಾ, ಅಸ್ಸಾಮಿ ಮಾತಾಡುವ ಹುಡುಗರು. ರಾಯಚೂರು, ಯಾದಗಿರಿ ಕಡೆಯಿಂದ ಬಂದವರ ಕನ್ನಡಕ್ಕೂ ಕಿವಿ ಬೇರೆ ಬೇಕು. ಎಲ್ಲರಿಗೂ ಬೀದಿಯ ಕನ್ನಡ ಬರುತ್ತದೆ, ವ್ಯವಹಾರಕ್ಕೆ ಅದು ಸಾಕು. ಭಯ ಹೇಳಿಕೊಳ್ಳಲು ಸಾಲದು. ಭಾಷೆ ಗೊತ್ತಿರುವ ಅದೇ ಗುಂಪಿನ ದೊಡ್ಡ ಹುಡುಗನನ್ನು ಮಾತ್ರ ನಡುವೆ ಕೂರಿಸಬೇಡಿ. ಚಿಕ್ಕವನು ಹೆದರುವುದು ಅವನಿಗೇ ಇರಬಹುದು.

10. ವ್ಯಾನು ಬಂದ ರಾತ್ರಿ

ಬೀದಿಯವರ ಭಯಗಳಲ್ಲಿ ಒಂದು ವ್ಯಾನು. ಮಕ್ಕಳನ್ನು ಎತ್ತಿಕೊಂಡು ಹೋಗುವ ವ್ಯಾನು, ಹದಿನೆಂಟು ದಾಟಿದವರನ್ನು ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ, ಅವರ ಮಾತಿನಲ್ಲಿ ಬೆಗ್ಗರ್ಸ್ ಕಾಲೊನಿಗೆ, ಒಯ್ಯುವ ವ್ಯಾನು. 2010ರ ಆಗಸ್ಟ್‌ನಲ್ಲಿ ಆ ಕೇಂದ್ರದಲ್ಲಿ ಕೆಲವೇ ದಿನಗಳ ಅಂತರದಲ್ಲಿ ಬಹಳ ಜನ ಸತ್ತು ರಾಜ್ಯವೆಲ್ಲ ತಲ್ಲಣಿಸಿತ್ತು. ಆಗ ಇನ್ನೂ ಹುಟ್ಟದೇ ಇದ್ದ ಹುಡುಗರೂ ಆ ಹೆಸರು ಕೇಳಿದರೆ ಓಡುತ್ತಾರೆ. ಬೀದಿಯ ನೆನಪು ಬಾಯಿಂದ ಬಾಯಿಗೆ ದಾಟುತ್ತದೆ.

ಮೇಲುಸೇತುವೆ ಕೆಳಗೆ ತೆರವು ನಡೆದ ಮರುದಿನ ನಾವು ಎಲ್ಲ ಕೆಲಸ ಬಿಟ್ಟು ಹುಡುಕಲು ಹೋಗುತ್ತೇವೆ. ಕಂಬಳಿ, ಬಟ್ಟೆ ಹೋಗಿರುತ್ತವೆ, ಆಸ್ಪತ್ರೆಯ ಚೀಟಿ, ಆಧಾರ್ ಕಾರ್ಡು ಹೋಗಿರುತ್ತವೆ. ಅದಕ್ಕಿಂತ ಹೆಚ್ಚಾಗಿ ಗುಂಪು ಒಡೆದಿರುತ್ತದೆ. ಅಂಚಿಗೆ ಮಲಗಿ ಕಾಯುತ್ತಿದ್ದ ದೊಡ್ಡವನು ಒಂದು ಕಡೆ, ನಡುವೆ ಮಲಗುತ್ತಿದ್ದ ಚಿಕ್ಕವರು ಇನ್ನೊಂದು ಕಡೆ. ತಿಂಗಳುಗಳ ಕೆಲಸ ಒಂದು ರಾತ್ರಿಯಲ್ಲಿ ಮೊದಲಿಗೆ ಬರುತ್ತದೆ. ಗುಂಪನ್ನು ಮತ್ತೆ ಒಂದುಗೂಡಿಸುವುದು ಆಗ ಯಾವ ಔಷಧಕ್ಕಿಂತಲೂ ತುರ್ತು.

11. ಮನೆಗೆ ಕಳಿಸುವ ಮುನ್ನ ಮನೆಯನ್ನು ನೋಡಿ

ಮಗು ಕುಟುಂಬದಲ್ಲೇ ಬೆಳೆಯಬೇಕು, ಸಂಸ್ಥೆ ಕೊನೆಯ ದಾರಿ ಎಂಬುದು ಬಾಲನ್ಯಾಯ ಕಾಯ್ದೆಯ ಮೂಲತತ್ವ. ನಾನು ಅದನ್ನು ಮನಸಾರೆ ಒಪ್ಪುತ್ತೇನೆ. ಪರೀಕ್ಷೆಯಲ್ಲಿ ಫೇಲಾಗಿ ಅಪ್ಪನ ಏಟಿಗೆ ಹೆದರಿ ರೈಲು ಹತ್ತಿದ ಒಬ್ಬ ಹುಡುಗನ ತಾಯಿ ಮಗನ ಫೋಟೊ ಹಿಡಿದು ಊರೂರು ಅಲೆದಿದ್ದರು. ಫೋನಿನಲ್ಲಿ ದನಿ ಕೇಳಿದ ಕ್ಷಣದಿಂದ ಅವನು ಬೇರೆಯೇ ಹುಡುಗ. ಅಂಥವನನ್ನು ಒಂದು ದಿನವೂ ಹೆಚ್ಚು ಇಟ್ಟುಕೊಳ್ಳಬಾರದು.

ಆದರೆ ಬಹಳ ಮಕ್ಕಳಿಗೆ ಆಘಾತ ಶುರುವಾದದ್ದೇ ಮನೆಯಲ್ಲಿ. ಎಷ್ಟು ಜನರನ್ನು ಊರಿಗೆ ತಲುಪಿಸಿದಿರಿ ಎಂಬ ಲೆಕ್ಕಕ್ಕಾಗಿ ಅವರನ್ನು ಬಸ್ಸು ಹತ್ತಿಸಿದರೆ ಹದಿನೈದು ದಿನದಲ್ಲಿ ವಾಪಸು ಬರುತ್ತಾರೆ, ಈ ಸಲ ನಮ್ಮ ಕಣ್ಣು ತಪ್ಪಿಸಿ. ಕಳಿಸುವ ಮೊದಲು ಆ ಊರಿನ ಅಂಗನವಾಡಿ ಕಾರ್ಯಕರ್ತೆಯನ್ನೋ ಶಾಲೆಯ ಮೇಷ್ಟ್ರನ್ನೋ ಮಾತಾಡಿಸಿ. ಅವನು ಮನೆ ಬಿಡುವ ಹೊತ್ತಿಗೆ ಮನೆಯಲ್ಲಿ ಯಾರ್‍ಯಾರಿದ್ದರು, ಈಗ ಯಾರಿದ್ದಾರೆ ಎಂದು ಕೇಳಿ. ಮಗುವನ್ನು ಕೇಳಿ: ಅಮ್ಮ ಬೇಕಾ, ಅಜ್ಜಿ ಬೇಕಾ, ದೊಡ್ಡಮ್ಮ ಬೇಕಾ. ಅವನ ಮನಸ್ಸಿನಲ್ಲಿ ಒಂದು ಮನೆ ಇರುತ್ತದೆ, ಅದು ಕಡತದಲ್ಲಿರುವ ವಿಳಾಸವೇ ಆಗಿರಬೇಕಿಲ್ಲ.

12. ಹದಿನೆಂಟು ತುಂಬಿದ ದಿನ

ಇದರ ಬಗ್ಗೆ ನನಗೆ ಸಿಟ್ಟಿದೆ. ಹುಟ್ಟುಹಬ್ಬದ ಹಿಂದಿನ ದಿನದವರೆಗೆ ರಕ್ಷಣೆ ಬೇಕಾದ ಮಗು. ಮರುದಿನ ಬೀದಿಯಲ್ಲಿ ನಿಂತಿರುವ ಗಂಡಸು. ಮಕ್ಕಳ ವೈದ್ಯರ ಬದಲು ದೊಡ್ಡವರ ಹೊರರೋಗಿ ವಿಭಾಗ, ಮಕ್ಕಳ ಸಮಿತಿಯ ಬದಲು ಠಾಣೆ. ಬಾಲನ್ಯಾಯ ಕಾಯ್ದೆಯ 46ನೇ ಸೆಕ್ಷನ್ ಹದಿನೆಂಟರ ನಂತರದ ಪೋಷಣೆಗೆ ಅವಕಾಶ ಕೊಡುತ್ತದೆ, ಸಾಮಾನ್ಯವಾಗಿ 21 ವರ್ಷದವರೆಗೆ. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಅದಕ್ಕೆ ತಿಂಗಳಿಗೆ 4,000 ರೂಪಾಯಿ ನೆರವೂ ಇದೆ. ಆದರೆ ಅದು ಮಕ್ಕಳ ಸಂಸ್ಥೆಯಿಂದ ಹೊರಬರುವವರಿಗೆ. ಯಾವ ಸಂಸ್ಥೆಯಲ್ಲೂ ಉಳಿಯಲಾಗದೆ ಬೀದಿಯಲ್ಲೇ ಹದಿನೆಂಟು ಮುಟ್ಟಿದವನಿಗೆ, ಅಂದರೆ ಎಲ್ಲರಿಗಿಂತ ಹೆಚ್ಚು ಗಾಯಗೊಂಡವನಿಗೆ, ಅದು ಅನ್ವಯವಾಗುವುದಿಲ್ಲ.

ಅವನಿಗೆ ಉಳಿಯುವುದು ದೊಡ್ಡವರ ರಾತ್ರಿ ತಂಗುದಾಣ. ದೊಡ್ಡ ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ನೂರು ಜನ ತಂಗುವ ಒಂದು ತಾಣ ಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಬೆಂಗಳೂರು ಅದರ ಹತ್ತಿರಕ್ಕೂ ಬಂದಿಲ್ಲ. ಇರುವ ಕಡೆಯೂ ಹತ್ತೊಂಬತ್ತರ ಹುಡುಗ ಐವತ್ತರ ಅಪರಿಚಿತನ ಪಕ್ಕ ಮಲಗಬೇಕು. ಚಿಕ್ಕಂದಿನಲ್ಲಿ ಅವನಿಗೆ ಏನಾಗಿತ್ತು ಎಂಬುದನ್ನು ನೆನೆದರೆ ಅವನು ಯಾಕೆ ಫುಟ್‌ಪಾತೇ ವಾಸಿ ಎನ್ನುತ್ತಾನೆಂದು ತಿಳಿಯುತ್ತದೆ. ಹದಿನೆಂಟರಿಂದ ಇಪ್ಪತ್ತೈದರವರಿಗೇ ಮೀಸಲಾದ ಚಿಕ್ಕ ತಂಗುದಾಣಗಳು ಬೇಕು, ಇಪ್ಪತ್ತು ಹಾಸಿಗೆ ಸಾಕು, ಶಿವಾಜಿನಗರಕ್ಕೊಂದು, ಕೆ.ಆರ್. ಪುರಕ್ಕೊಂದು. 2025ರ ಸೆಪ್ಟೆಂಬರ್‌ನಲ್ಲಿ ನಗರ ಐದು ಪಾಲಿಕೆಗಳಾದ ಮೇಲೆ ಈ ಎರಡು ಜಾಗ ಎರಡು ಪಾಲಿಕೆಗೆ ಸೇರಿವೆ. ಹುಡುಗರು ಮಾತ್ರ ದಿನಕ್ಕೆರಡು ಸಲ ಆ ಗಡಿ ದಾಟುತ್ತಾರೆ. ಎರಡೂ ಕಡೆಯ ಅಧಿಕಾರಿಗಳು ಒಟ್ಟಿಗೆ ಕೂರಬೇಕು.

13. ಕೌಂಟರಿನಲ್ಲಿ ಹೇಳಬೇಕಾದದ್ದು

2017ರ ಮಾನಸಿಕ ಆರೋಗ್ಯ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಮನೆಯಿಲ್ಲದವರಿಗೆ, ನಿರ್ಗತಿಕರಿಗೆ ಸರ್ಕಾರಿ ಮಾನಸಿಕ ಚಿಕಿತ್ಸೆ ಉಚಿತ. ಬಿಪಿಎಲ್ ಕಾರ್ಡು ಇಲ್ಲದಿದ್ದರೂ ಉಚಿತ. ಕೈಗೆ ಬ್ಲೇಡ್ ಹಾಕಿಕೊಂಡವನನ್ನು, ಸಾಯಲು ಹೊರಟವನನ್ನು ಕರೆದೊಯ್ದಾಗ ಯಾರಾದರೂ ಕೇಸಿನ ಹೆದರಿಕೆ ಹಾಕಿದರೆ ಅದೇ ಕಾಯ್ದೆಯ 115ನೇ ಸೆಕ್ಷನ್ ತೋರಿಸಿ: ಅಂಥವನು ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು, ಶಿಕ್ಷಿಸಬಾರದು. ಕೈ ಮೇಲಿನ ಗೆರೆಗಳನ್ನು ನೋಡಿ ‘ರೌಡಿ’ ಎನ್ನುವವರಿಗೂ ಇದನ್ನೇ ಹೇಳಿ.

ಆಸ್ಪತ್ರೆಗೆ ಹುಡುಗನನ್ನು ಒಂಟಿಯಾಗಿ ಕಳಿಸಬೇಡಿ. ಮೊದಲ ಸಲ ಸುಮ್ಮನೆ ಜಾಗ ತೋರಿಸಿಕೊಂಡು ಬನ್ನಿ: ಇಲ್ಲಿ ಚೀಟಿ, ಇಲ್ಲಿ ಕೂರುವುದು, ಇದು ಹೊರಗೆ ಹೋಗುವ ಬಾಗಿಲು. ಹೊರಗಿನ ಬಾಗಿಲು ಕಂಡರೆ ಅವನು ಒಳಗೆ ಕೂರುತ್ತಾನೆ.

14. ದಾರಿಯಲ್ಲಿ ಹೋಗುವವರಿಗೆ

ಇಂದಿರಾನಗರದ ನೂರಡಿ ರಸ್ತೆಯಲ್ಲಿ ರಾತ್ರಿ ಹನ್ನೊಂದಕ್ಕೆ ಬಲೂನು ಮಾರುವ ಮಗುವನ್ನು ಕಂಡು ಏನು ಮಾಡಬೇಕೆಂದು ಬಹಳ ಜನ ಕೇಳುತ್ತಾರೆ. ಫೋಟೊ ತೆಗೆಯಬೇಡಿ. ಹೆಗಲು, ತಲೆ ಮುಟ್ಟಬೇಡಿ. ಕಾರಿಗೆ ಹತ್ತಿಸಿಕೊಳ್ಳಬೇಡಿ. ನಿಂತು, ಅವರ ಎತ್ತರಕ್ಕೆ ಬಗ್ಗಿ, ಊಟ ಆಯಿತಾ ಎಂದು ಕೇಳಿ. ಆಮೇಲೆ 1098ಕ್ಕೆ ಕರೆ ಮಾಡಿ. 1996ರಲ್ಲಿ ಮುಂಬೈಯಲ್ಲಿ ಬೀದಿಯ ಮಕ್ಕಳಿಗೆಂದೇ ಶುರುವಾದ ಈ ಸಹಾಯವಾಣಿ ಈಗ ಸರ್ಕಾರದ ನೇರ ಆಡಳಿತದಲ್ಲಿ 112ರ ಜತೆ ಜೋಡಿಕೊಂಡಿದೆ. ಕರೆ ಮಾಡಿದಾಗ ಜಾಗದ ಗುರುತು, ಅಂದಾಜು ವಯಸ್ಸು, ಜತೆಗೆ ಯಾರಾದರೂ ಇದ್ದಾರೆಯೇ, ಗಾಯವಿದೆಯೇ, ಮಗು ಯಾವ ಭಾಷೆ ಮಾತಾಡುತ್ತಿದೆ ಎಂಬುದನ್ನು ಹೇಳಿ. ಬಂದವರು ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು.

ಹದಿನೆಂಟು ದಾಟಿದವರಾಗಿದ್ದರೆ, ಅಥವಾ ನಿಮಗೇ ಏನು ಮಾಡಬೇಕೆಂದು ತೋಚದಿದ್ದರೆ, 14416ಕ್ಕೆ ಕರೆ ಮಾಡಿ, ಅದು ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಇದಕ್ಕೆ ನಿಮ್ಹಾನ್ಸ್ ಬೆನ್ನೆಲುಬು, ಕನ್ನಡದಲ್ಲೂ ಮಾತಾಡುತ್ತಾರೆ, ಹಗಲು ರಾತ್ರಿ ಸಿಗುತ್ತಾರೆ, ದುಡ್ಡಿಲ್ಲ. ನಮ್ಮ ಕೆಲವು ಹುಡುಗರು ಇದಕ್ಕೆ ತಾವೇ ಕರೆ ಮಾಡುತ್ತಾರೆ, ಟೀ ಅಂಗಡಿಯವರ ಫೋನಿನಿಂದ. ಹಲಸೂರಿನ ಒಂದು ಟೀ ಅಂಗಡಿಯವರು ನಂಬರನ್ನು ಸಕ್ಕರೆ ಡಬ್ಬಿಯ ಮೇಲೆ ಬರೆದು ಇಟ್ಟಿದ್ದಾರೆ, ಫೋನ್ ಕೇಳಿದರೆ ಇಲ್ಲವೆನ್ನುವುದಿಲ್ಲ. ನಿಮ್ಮ ಅಂಗಡಿ, ನಿಮ್ಮ ಆಟೊ, ನಿಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲೂ ಬರೆದು ಅಂಟಿಸಿ. ಅಕ್ಷರ ದೊಡ್ಡದಿರಲಿ, ಅಂಕಿ ಕೆಂಪಗಿರಲಿ, ಓದು ಬಾರದವರಿಗೂ ಗುರುತು ಹತ್ತುವ ಹಾಗೆ.